ಎರಡು ಕಂಪ್ಯೂಟರ್, ಒಂದೇ ಕೀಬೋರ್ಡ್–ಮೌಸ್: ಎಕ್ಸ್‌ಪಿ ಜೊತೆ ವಿಂಡೋಸ್ 11 ನಡೆಸೋದು ಹೇಗೆ?

ಲಗ್ನಪತ್ರಿಕೆ ಅಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು ಮಾಡುತ್ತೇನೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಫ್ಲೆಕ್ಸ್ ಕೆಲಸವೇ ಜಾಸ್ತಿ. ಈಗ ಆಷಾಢ, ಮದುವೆ ಇಲ್ಲ, ಕೈ ಖಾಲಿ. ಶ್ರಾವಣ ಬಂದರೆ ಉಸಿರಾಡೋಕೂ ಬಿಡುವಿರಲ್ಲ. ಅಷ್ಟರೊಳಗೆ ಟೇಬಲ್ ಸರಿ ಮಾಡಿಕೊಳ್ಳೋಣ ಅಂತ ಕೇಳುತ್ತಿದ್ದೇನೆ.

ಟೇಬಲ್ ಮೇಲೆ ಎರಡು ಕಂಪ್ಯೂಟರ್ ಇವೆ. ಒಂದು ಹಳೇದು, ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ಪುಟ ಜೋಡಿಸೋ ಪೇಜ್‌ಮೇಕರ್ ಇದೆ, ಕನ್ನಡ ಟೈಪ್ ಮಾಡೋ ನುಡಿ ಇದೆ. ಹಿಂದುಗಡೆ ಪ್ಯಾರಲಲ್ ಪೋರ್ಟಿಗೆ ಒಂದು ಲಾಕ್ ಸಿಕ್ಕಿಸಿದೆ. ಅದನ್ನು ತೆಗೆದರೆ ನನ್ನ ಇನ್ನೊಂದು ಫಾಂಟ್ ಸಾಫ್ಟ್‌ವೇರ್ ಏಳೋದೇ ಇಲ್ಲ. ಎರಡನೇದು ಹೊಸದು, ವಿಂಡೋಸ್ 11. ಕೋರೆಲ್‌ಡ್ರಾ, ಫೋಟೋಶಾಪ್, ವಾಟ್ಸಾಪ್ ಎಲ್ಲ ಅದರಲ್ಲಿ. ಗಿರಾಕಿಗಳು ಹುಡುಗ–ಹುಡುಗಿಯ ಹೆಸರು, ಫೋಟೋ ಎಲ್ಲಾ ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ. ಅದನ್ನು ಇಲ್ಲಿ ನೋಡುತ್ತಾ ಅಲ್ಲಿ ಟೈಪ್ ಮಾಡಬೇಕು.

"ಹಳೇದನ್ನ ಎಸೆದುಬಿಡಿ" ಅನ್ನೋ ಸಲಹೆ ಮಾತ್ರ ಬೇಡ. ಊರ ಕಡೆಯಿಂದ ಜನ ಹಳೇ ಕಾರ್ಡು ಹಿಡಿದುಕೊಂಡು ಬರುತ್ತಾರೆ. "ನಮ್ಮಣ್ಣನ ಮದುವೆಗೆ ಮಾಡಿಸಿದ್ವಲ್ಲ, ಹಂಗೇ ಇರ್ಲಿ, ಹೆಸರು ತಾರೀಖು ಬದಲಾಯಿಸಿ" ಅಂತಾರೆ. ಆ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲೇ ಇವೆ. ಬೇರೆ ಕಡೆ ತೆರೆದರೆ ಒತ್ತಕ್ಷರ ಒಂದು ದಿಕ್ಕು, ಅಕ್ಷರ ಒಂದು ದಿಕ್ಕು. ಅಜ್ಜಿಯ ಹೆಸರಿನ ಒತ್ತು ಹಾರಿಹೋದರೆ ಮದುವೆ ಮನೆಯಲ್ಲಿ ನನ್ನ ಹೆಸರೇ ಹೇಳುತ್ತಾರೆ.

ಎರಡು ಕೀಬೋರ್ಡು, ಎರಡು ಮೌಸು ಇರೋದರಿಂದ ಪ್ರೂಫ್ ಹಾಳೆ ಇಡೋಕೂ ಜಾಗ ಇಲ್ಲ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಸಂಜೆಯಾದರೆ ಭುಜ ಹಿಡಿದುಕೊಳ್ಳುತ್ತೆ. ಸಾಲಗಾಮೆ ರಸ್ತೆಯಲ್ಲಿ ಕೂತ ಇಸ್ರೋದ ಎಂಸಿಎಫ್‌ನವರು ಆಕಾಶದಲ್ಲಿರೋ ಉಪಗ್ರಹಗಳನ್ನೇ ನಡೆಸುತ್ತಾರೆ. ನನಗೆ ಒಂದೇ ಟೇಬಲ್ ಮೇಲಿನ ಎರಡು ಡಬ್ಬ ನಡೆಸೋಕೆ ಆಗುತ್ತಿಲ್ಲ!

ಅಂಗಡಿ ಹುಡುಗ ವೈ ಆಕಾರದ ಯುಎಸ್‌ಬಿ ಕೇಬಲ್ ತರೋಣ ಅಂತಾನೆ. ಒಂದು ಬಾಲ ಕೀಬೋರ್ಡಿಗೆ, ಎರಡು ಬಾಲ ಎರಡು ಕಂಪ್ಯೂಟರಿಗೆ. ಇನ್ನೊಬ್ಬರು ಸಾಫ್ಟ್‌ವೇರ್ ಹಾಕಿದರೆ ಸಾಕು, ಪುಕ್ಕಟೆ ಅಂದರು. ಮತ್ತೊಬ್ಬರು ಕೆವಿಎಂ ತಗೊಳ್ಳಿ ಅಂದರು. ನನಗೆ ಎರಡು ಪರದೆಯೂ ಯಾವಾಗಲೂ ಕಾಣಬೇಕು. ನುಡಿಯಲ್ಲಿ ಕನ್ನಡ ಸರಿಯಾಗಿ ಬೀಳಬೇಕು. ಯಾವುದು ಮಾಡಲಿ?

---

ಮಳೆಯಲ್ಲಿ ಕೋಡಿಂಗ್, ಚಿಕ್ಕಮಗಳೂರು

ನಮಸ್ಕಾರ ಮೇಡಂ. ನಾನು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮನೆಯಲ್ಲಿರೋ ಎರಡು ಕಂಪ್ಯೂಟರಿಗೆ ಬಳಸೋದು ಮೌಸ್ ವಿದೌಟ್ ಬಾರ್ಡರ್ಸ್. ಮೈಕ್ರೋಸಾಫ್ಟ್‌ನದ್ದೇ. 2011ರಲ್ಲಿ ಬೇರೆಯಾಗಿ ಬಂದಿತ್ತು, 2023ರಲ್ಲಿ ಅವರದ್ದೇ ಪುಕ್ಕಟೆ ಉಪಕರಣಗಳ ಕಟ್ಟು ಪವರ್‌ಟಾಯ್ಸ್ ಒಳಗೆ ಸೇರಿಸಿದರು. ಎರಡೂ ಕಂಪ್ಯೂಟರ್ ಒಂದೇ ನೆಟ್‌ವರ್ಕ್‌ನಲ್ಲಿರಬೇಕು. ಒಂದರಲ್ಲಿ ಬರುವ ಕೀಯನ್ನು (ಪಾಸ್‌ವರ್ಡ್ ಥರದ್ದು) ಇನ್ನೊಂದರಲ್ಲಿ ಹಾಕಬೇಕು, ಅಷ್ಟೇ. ಮೌಸ್ ಬಾಣವನ್ನು ಪರದೆಯ ಅಂಚಿಗೆ ತಂದರೆ ಪಕ್ಕದ ಪರದೆಗೆ ದಾಟುತ್ತದೆ. ಕೀಬೋರ್ಡೂ ಅದರ ಹಿಂದೆಯೇ ಹೋಗುತ್ತದೆ. ಇಲ್ಲಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಬಹುದು. ನಾಲ್ಕು ಕಂಪ್ಯೂಟರ್ ತನಕ ಆಗುತ್ತದೆ.

ಆದರೆ ಪವರ್‌ಟಾಯ್ಸ್‌ಗೆ ವಿಂಡೋಸ್ 10 ಅಥವಾ 11 ಬೇಕು. ನಿಮ್ಮ ಎಕ್ಸ್‌ಪಿಗೆ ಆಗಲ್ಲ. ಇದೇ ತಲೆನೋವು ಇರುವ ಬೇರೆಯವರು ಓದಲಿ ಅಂತ ಬರೆದೆ.

ಇನ್ನೊಂದು ಮಾತು. ಇಲ್ಲಿ ಜುಲೈ ಮಳೆಗೆ ಕರೆಂಟು ಹೋಗಿ ವೈಫೈ ಸತ್ತರೆ ಬಾಣ ಆ ಕಡೆ ಹೋಗೋದೇ ಇಲ್ಲ. ನೆಟ್‌ವರ್ಕ್ ನಂಬಿದ ಸಾಫ್ಟ್‌ವೇರ್ ಯಾವುದೇ ಇರಲಿ, ಡ್ರಾಯರ್‌ನಲ್ಲಿ ಒಂದು ಹಳೇ ಮೌಸ್ ಇರಲೇಬೇಕು.

ಆಫೀಸ್ ಲ್ಯಾಪ್‌ಟಾಪಲ್ಲಿ ಇಂಥದ್ದೇನೂ ಹಾಕೋಕೆ ಬಿಡಲ್ಲ. ಅದಕ್ಕೆ ಲಾಜಿಟೆಕ್ ಕೆ380 ಕೀಬೋರ್ಡ್ ಇಟ್ಟುಕೊಂಡಿದ್ದೇನೆ. ಬ್ಲೂಟೂತ್‌ನಲ್ಲಿ ಮೂರು ಸಾಧನಕ್ಕೆ ಜೋಡಿಸಿಕೊಂಡು ಗುಂಡಿ ಒತ್ತಿ ಬದಲಾಯಿಸಬಹುದು. ಯಾವ ಸಾಫ್ಟ್‌ವೇರೂ ಬೇಡ. ಆಪಲ್ ಕಂಪ್ಯೂಟರ್ ಇದ್ದವರಿಗೆ ಈ ಚಿಂತೆಯೇ ಇಲ್ಲ. ಮ್ಯಾಕ್‌ಓಎಸ್ 12.3 ಬಂದಾಗಿನಿಂದ, ಅಂದರೆ 2022ರಿಂದ, ಯೂನಿವರ್ಸಲ್ ಕಂಟ್ರೋಲ್ ಒಳಗೇ ಇದೆ.

---

ಎಂಜಿನಿಯರಿಂಗ್ ಹುಡುಗ, ಹಾಸನ

ಅಕ್ಕ, ಪುಕ್ಕಟೆ ಬೇಕಂದ್ರೆ ಇದೇ ಥರ ಮೌಸ್ ದಾಟಿಸೋ ಇನ್‌ಪುಟ್ ಲೀಪ್ ನೋಡಿ. ಇದರ ವಂಶಾವಳಿ ಹೀಗಿದೆ. ಮೊದಲು 2001ರಲ್ಲಿ ಸಿನರ್ಜಿ ಬಂತು. ಅದರಿಂದ ಕವಲೊಡೆದದ್ದು ಬ್ಯಾರಿಯರ್. ಬ್ಯಾರಿಯರ್ ಕೆಲಸ ನಿಂತ ಮೇಲೆ ಇನ್‌ಪುಟ್ ಲೀಪ್. ಸಿನರ್ಜಿಯ ಮುಕ್ತ ರೂಪ ಈಗ ಡೆಸ್ಕ್‌ಫ್ಲೋ ಅನ್ನೋ ಹೆಸರಲ್ಲಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ನಡೆಯುತ್ತೆ. ಕೀಬೋರ್ಡ್ ಸಿಕ್ಕಿಸಿರೋ ಕಂಪ್ಯೂಟರ್ ಸರ್ವರ್, ಇನ್ನೊಂದು ಕ್ಲೈಂಟ್. ಫೈರ್‌ವಾಲ್‌ನಲ್ಲಿ 24800 ಪೋರ್ಟ್ ಬಿಡಬೇಕು.

ಲಿನಕ್ಸ್‌ನಲ್ಲಿ ಬ್ಯಾರಿಯರ್ ಹಾಕಿ ಮೌಸ್ ದಾಟುತ್ತಿಲ್ಲ ಅಂತ ಎಷ್ಟೋ ಜನ ಒದ್ದಾಡುತ್ತಾರೆ. ಅದಕ್ಕೆ ಕಾರಣ ವೇಲ್ಯಾಂಡ್, ಲಿನಕ್ಸ್‌ನಲ್ಲಿ ಪರದೆ ನಡೆಸೋ ಹೊಸ ವ್ಯವಸ್ಥೆ. ಒಂದು ಪ್ರೋಗ್ರಾಂ ಇನ್ನೊಂದರ ಕೀಲಿಗಳನ್ನು ಕದ್ದು ನೋಡೋಕೆ ಅದು ಬಿಡಲ್ಲ. ಉಬುಂಟು 22.04 ಇದ್ದರೆ ಲಾಗಿನ್ ಪರದೆಯ ಮೂಲೆಯಲ್ಲಿರೋ ಹಲ್ಲುಚಕ್ರ ಒತ್ತಿ, ಹಳೇ ವ್ಯವಸ್ಥೆ ಎಕ್ಸಾರ್ಗ್ ಆರಿಸಿಕೊಂಡು ಒಳಗೆ ಹೋಗಿ. ನಡೆಯುತ್ತೆ.

ಆದರೂ ಹಳೇ ಮಷಿನ್‌ಗೆ ಲಿನಕ್ಸ್ ಹಾಕಿಬಿಡಿ ಅಕ್ಕ. ಎಕ್ಸ್‌ಪಿ ಇನ್ನೂ ಯಾಕೆ?

---

ಲಗ್ನಪತ್ರಿಕೆ ಅಕ್ಕ, ಹಾಸನ

ತಮ್ಮಾ, ಯಾಕೆ ಅಂತ ಮೂರನೇ ಪ್ಯಾರಾದಲ್ಲೇ ಬರೆದಿದ್ದೇನೆ ನೋಡು. ಲಿನಕ್ಸ್‌ನಲ್ಲಿ ನನ್ನ ಪೇಜ್‌ಮೇಕರ್ ಫೈಲು ಒತ್ತಕ್ಷರ ಸಮೇತ ತೆರೆದು ತೋರಿಸಿದರೆ ನಿನ್ನ ಲಗ್ನಪತ್ರಿಕೆ ಪುಕ್ಕಟೆ.

ಚಿಕ್ಕಮಗಳೂರಿನವರೇ, ಥ್ಯಾಂಕ್ಸ್. ಮೌಸ್ ತಾನೇ ದಾಟೋದು ಓದಿ ಆಸೆ ಆಯಿತು. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಹಾಕಿ ನೋಡುತ್ತೇನೆ. ಅಂಗಡಿಗೆ ಏನು ದಾರಿ?

---

ರಿಪೇರಿ ಅಂಗಡಿ, ಅರಸೀಕೆರೆ

ಮೇಡಂ, ಮೊದಲು ಆ ವೈ ಕೇಬಲ್ ವಿಚಾರ ಬಿಟ್ಟುಬಿಡಿ. ಹುಡುಗನಿಗೂ ಹೇಳಿ.

ಯುಎಸ್‌ಬಿಯಲ್ಲಿ ಕೀಬೋರ್ಡ್ ತಾನಾಗಿ ಮಾತಾಡಲ್ಲ. ಕಂಪ್ಯೂಟರ್ "ಏನಾದರೂ ಇದೆಯಾ, ಏನಾದರೂ ಇದೆಯಾ" ಅಂತ ಕೇಳುತ್ತಲೇ ಇರುತ್ತದೆ, ಕೀಬೋರ್ಡ್ ಉತ್ತರ ಕೊಡುತ್ತದೆ. ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ಅದಕ್ಕೊಂದು ನಂಬರ್ ಕೊಟ್ಟು ತನ್ನದು ಮಾಡಿಕೊಳ್ಳುತ್ತದೆ. ಒಂದೇ ತಂತಿಯಲ್ಲಿ ಎರಡು ಕಂಪ್ಯೂಟರ್ ಕೇಳೋಕೆ ಶುರು ಮಾಡಿದರೆ, ಒಂದೇ ಬಸ್ಸಿನಲ್ಲಿ ಇಬ್ಬರು ಕಂಡಕ್ಟರ್ ಸೀಟಿ ಊದಿದ ಹಾಗೆ ಆಗುತ್ತದೆ. ಬಸ್ಸು ಹೊರಡಲ್ಲ. ಅದಕ್ಕಿಂತ ಕೆಟ್ಟದ್ದು ಕರೆಂಟು. ಎರಡೂ ಕಡೆಯ 5 ವೋಲ್ಟ್ ಲೈನು ನೇರವಾಗಿ ಸೇರಿಬಿಡುತ್ತವೆ. ಒಂದು ಆಫ್ ಆಗಿದ್ದಾಗ ಇನ್ನೊಂದರಿಂದ ಅದಕ್ಕೆ ಕರೆಂಟ್ ನುಗ್ಗಬಹುದು, ಪೋರ್ಟ್ ಹೋಗಬಹುದು. ನಿಮ್ಮ ಎಕ್ಸ್‌ಪಿ ಮದರ್‌ಬೋರ್ಡಿಗೆ ಈಗ ಬದಲಿ ಹುಡುಕೋದು ಕಷ್ಟ. ಮಾರ್ಕೆಟ್‌ನಲ್ಲಿ ವೈ ಕೇಬಲ್ ಸಿಗೋದು ನಿಜ. ಆದರೆ ಅದು ಇರೋದು ಒಂದೇ ಕಂಪ್ಯೂಟರಿನ ಎರಡು ಪೋರ್ಟಿನಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ಜಾಸ್ತಿ ಕರೆಂಟ್ ಕೊಡೋಕೆ.

ಎರಡನೇದು, ಎಕ್ಸ್‌ಪಿಯನ್ನು ನೆಟ್‌ವರ್ಕಿಗೆ ಸೇರಿಸಬೇಡಿ. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹರಡಿದ್ದು ಹಳೇ ಫೈಲ್ ಶೇರಿಂಗ್ ದಾರಿಯಲ್ಲಿ, ಎಸ್‌ಎಂಬಿ 1 ಅಂತಾರಲ್ಲ ಅದರಲ್ಲಿ. ಎಕ್ಸ್‌ಪಿಗೆ ಗೊತ್ತಿರೋದು ಅದೊಂದೇ ದಾರಿ. ವಿಂಡೋಸ್ 11ರಲ್ಲಿ ಅದನ್ನು ಮುಚ್ಚಿಯೇ ಕಳಿಸುತ್ತಾರೆ. ಫೈಲ್ ಶೇರ್ ಆಗಲಿ ಅಂತ ಯಾರಾದರೂ ಬಂದು ಅದನ್ನು ತೆರೆದು ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಷ್ಟು ವರ್ಷದ ಲಗ್ನಪತ್ರಿಕೆ ಅದರಲ್ಲಿದೆ ಅಲ್ವಾ? ಹಾಗಾಗಿ ನೆಟ್‌ವರ್ಕ್ ಬೇಡುವ ಸಾಫ್ಟ್‌ವೇರ್ ಯಾವುದೂ ನಿಮಗಲ್ಲ.

ಉಳಿದದ್ದು ಪೆಟ್ಟಿಗೆ. ಕೆವಿಎಂ ಅಂದರೆ ಕೀಬೋರ್ಡ್, ವಿಡಿಯೋ, ಮೌಸ್ ಮೂರನ್ನೂ ಬದಲಾಯಿಸೋದು. ಒಂದೇ ಮಾನಿಟರ್ ಇದ್ದವರಿಗೆ ಅದು ಸರಿ. ನಿಮಗೆ ಎರಡೂ ಪರದೆ ಕಾಣಬೇಕು. ಹಳೇದು ವಿಜಿಎ, ಹೊಸದು ಎಚ್‌ಡಿಎಂಐ ಇರಬೇಕು. ವಿಡಿಯೋ ಜೋಲಿಗೇ ಹೋಗಬೇಡಿ. ಕೀಬೋರ್ಡ್–ಮೌಸ್ ಮಾತ್ರ ಬದಲಾಯಿಸುವ ಯುಎಸ್‌ಬಿ ಸ್ವಿಚ್ ಸಾಕು. ಮಾನಿಟರ್ ಕೇಬಲ್ ಈಗ ಹೇಗಿವೆಯೋ ಹಾಗೇ ಇರಲಿ.

ಇದರಲ್ಲಿ ಎರಡು ಜಾತಿ. ಅಗ್ಗದ್ದು, ಗುಂಡಿ ಒತ್ತಿದಾಗ ಒಂದರಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿದ ಲೆಕ್ಕ. ಕಂಪ್ಯೂಟರ್ ಪ್ರತಿ ಸಲ ಕೀಬೋರ್ಡನ್ನು ಹೊಸದಾಗಿ ಗುರುತಿಸಬೇಕು. ಹಳೇ ಮಷಿನ್‌ನಲ್ಲಿ ಆ ಟುಂಕ್ ಅನ್ನೋ ಸದ್ದು ಬಂದು ಒಂದೆರಡು ಸೆಕೆಂಡ್ ಆದ ಮೇಲೇ ಅಕ್ಷರ ಬೀಳೋದು. ಇನ್ನೊಂದು ಜಾತಿ ಸ್ವಲ್ಪ ದುಬಾರಿ. ಎರಡೂ ಕಂಪ್ಯೂಟರಿಗೆ ಕೀಬೋರ್ಡ್ ಸದಾ ಸಿಕ್ಕಿಸಿಯೇ ಇದೆ ಅನ್ನೋ ಹಾಗೆ ಅದು ನಟಿಸುತ್ತದೆ. ಬಾಕ್ಸ್ ಮೇಲೆ ಎಮ್ಯುಲೇಶನ್ ಅಂತ ಬರೆದಿರುತ್ತದೆ. ಬದಲಾವಣೆ ತಕ್ಷಣ ಆಗುತ್ತದೆ. ನೀವು ಗಳಿಗೆಗೊಂದು ಸಲ ಅತ್ತ ಇತ್ತ ಹೋಗುವವರು, ಎರಡನೇದು ತಗೊಳ್ಳಿ.

ತಗೊಳ್ಳೋ ಮೊದಲು ಒಂದು ಮುಖ್ಯ ವಿಷಯ. ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಸ್ಕ್ರಾಲ್ ಲಾಕ್ ಎರಡು ಸಲ ಒತ್ತಿದರೆ ಕಂಪ್ಯೂಟರ್ ಬದಲಾಗುತ್ತದೆ. ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಾಯಿಸೋಕೆ ನೀವು ಒತ್ತುವುದೂ ಅದೇ ಸ್ಕ್ರಾಲ್ ಲಾಕ್! ಫೋನ್ ನಂಬರ್ ಹಾಕಿ ಬೇಗ ಕನ್ನಡಕ್ಕೆ ಬರೋಣ ಅಂತ ಟಕಟಕ ಒತ್ತಿದರೆ ಸೀದಾ ಪಕ್ಕದ ಕಂಪ್ಯೂಟರಿಗೆ ಹೋಗಿ ಕೂರುತ್ತೀರಿ. ಆದ್ದರಿಂದ ಆ ಕೀಲಿಯನ್ನು ಕಂಟ್ರೋಲ್‌ಗೆ ಬದಲಾಯಿಸಲು ಬರುವ ಪೆಟ್ಟಿಗೆ ನೋಡಿ. ಇಲ್ಲವೇ ವೈರ್ ಇರುವ ಗುಂಡಿ ಜೊತೆಗೆ ಬರೋದು ನೋಡಿ.

---

ಲಗ್ನಪತ್ರಿಕೆ ಅಕ್ಕ, ಹಾಸನ

ಸರ್, ಸ್ಕ್ರಾಲ್ ಲಾಕ್ ವಿಷಯ ಓದಿ ನಗು ಬಂತು. ದಿನಕ್ಕೆ ಎಷ್ಟು ಸಲ ಒತ್ತುತ್ತೇನೋ ದೇವರಿಗೇ ಗೊತ್ತು. ನನ್ನ ಕೀಬೋರ್ಡಿನಲ್ಲಿ ಆ ಗುಂಡಿಯ ಮೇಲಿನ ಅಕ್ಷರವೇ ಅಳಿಸಿಹೋಗಿದೆ.

ಇನ್ನೂ ಕೆಲವು ಅನುಮಾನ. ಹಳೇ ಕಂಪ್ಯೂಟರಿನದ್ದು ದುಂಡು ಪಿನ್ನಿನ ಕೀಬೋರ್ಡ್. ಅದನ್ನೇ ಪೆಟ್ಟಿಗೆಗೆ ಹಾಕಬಹುದಾ? ಪ್ಯಾರಲಲ್ ಪೋರ್ಟಿನ ಲಾಕ್‌ಗೆ ಏನೂ ಆಗಲ್ಲ ತಾನೇ? ಒಂದೇ ಕೀಬೋರ್ಡಿನಲ್ಲಿ ಅಲ್ಲೂ ಇಲ್ಲೂ ನುಡಿ ಸರಿಯಾಗಿ ಬರುತ್ತಾ? ಹೊಸದರಲ್ಲಿ ಯೂನಿಕೋಡ್ ಬಳಸುತ್ತೇನೆ, ಹಳೇದರಲ್ಲಿ ಹಳೇ ಫಾಂಟು.

---

ರಿಪೇರಿ ಅಂಗಡಿ, ಅರಸೀಕೆರೆ

ದುಂಡು ಪಿನ್ನಿನದ್ದು, ಅಂದರೆ ಪಿಎಸ್2, ಪೆಟ್ಟಿಗೆಗೆ ಬೇಡ. ಹಸಿರು–ನೇರಳೆ ಬಣ್ಣದ ಸಣ್ಣ ಕನೆಕ್ಟರ್ ಸಿಗುತ್ತೆ ನಿಜ, ಆದರೆ ಪಿಎಸ್2, ಯುಎಸ್‌ಬಿ ಎರಡೂ ಭಾಷೆ ಗೊತ್ತಿರೋ ಕೀಬೋರ್ಡಿಗೆ ಮಾತ್ರ ಅದು ಕೆಲಸ ಮಾಡೋದು. ಒಂದು ಸಾದಾ ಯುಎಸ್‌ಬಿ ಕೀಬೋರ್ಡ್ ತಗೊಳ್ಳಿ. ಬಣ್ಣಬಣ್ಣದ ಲೈಟ್ ಇರೋ ಗೇಮಿಂಗ್ ಕೀಬೋರ್ಡ್ ಬೇಡ. ನಟಿಸುವ ಪೆಟ್ಟಿಗೆಗಳಿಗೆ ಅವು ಎಷ್ಟೋ ಸಲ ಅರ್ಥವಾಗಲ್ಲ. ಒಂದೇ ರಿಸೀವರ್‌ನಲ್ಲಿ ಕೀಬೋರ್ಡ್–ಮೌಸ್ ಎರಡೂ ಬರೋ ವೈರ್‌ಲೆಸ್ ಜೋಡಿಯದ್ದೂ ಇದೇ ಕಥೆ.

ಹಳೇ ದುಂಡು ಪಿನ್ನಿನ ಕೀಬೋರ್ಡನ್ನು ಬಿಸಾಕಬೇಡಿ. ಹಳೇ ಬೋರ್ಡುಗಳು ಆನ್ ಮಾಡಿದಾಗ ಕೀಬೋರ್ಡ್ ಕಾಣದಿದ್ದರೆ "ಎಫ್1 ಒತ್ತಿ" ಅಂತ ನಿಂತುಬಿಡುತ್ತವೆ. ಕೀಬೋರ್ಡೇ ಇಲ್ಲ ಅಂತ ಅದೇ ಹೇಳಿ, ಗುಂಡಿ ಒತ್ತಿ ಅಂತಲೂ ಅದೇ ಹೇಳುತ್ತೆ. ಇದನ್ನು ಯಾರು ಬರೆದರೋ! ಬಯೋಸ್ (ವಿಂಡೋಸ್ ಏಳೋ ಮೊದಲಿನ ಸೆಟ್ಟಿಂಗ್) ಒಳಗೆ ಹೋಗಿ ಹಾಲ್ಟ್ ಆನ್ ಅನ್ನೋ ಕಡೆ ನೋ ಎರರ್ಸ್ ಇಡಿ. ಅಲ್ಲೇ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಅಥವಾ ಲೆಗಸಿ ಯುಎಸ್‌ಬಿ ಅಂತ ಇರುತ್ತೆ, ಅದನ್ನು ಎನೇಬಲ್ ಮಾಡಿ. ಈ ಕೆಲಸಕ್ಕೆ ದುಂಡು ಪಿನ್ನಿನದ್ದೇ ಬೇಕು. ಆಮೇಲೂ ಅದನ್ನು ಸಿಪಿಯು ಹಿಂದೆ ಸಿಕ್ಕಿಸಿ ಶೆಲ್ಫಿನಲ್ಲಿ ಇಟ್ಟುಬಿಡಿ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ತಕರಾರಿಲ್ಲ. ಕಂಪ್ಯೂಟರ್ ಆನ್ ಇರುವಾಗ ಮಾತ್ರ ದುಂಡು ಪಿನ್ ಕಿತ್ತು ಹಾಕೋದು ಮಾಡಬಾರದು.

ಲಾಕ್ ಅದರ ಜಾಗದಲ್ಲೇ ಇರಲಿ. ಅದಕ್ಕೂ ಈ ಪೆಟ್ಟಿಗೆಗೂ ಸಂಬಂಧ ಇಲ್ಲ. ಪೆಟ್ಟಿಗೆಯ ವೈರನ್ನು ಹಳೇ ಸಿಪಿಯುನ ಹಿಂದಿನ ಪೋರ್ಟಿಗೆ ಹಾಕಿ, ಮುಂದಿನದ್ದು ಸಡಿಲ ಇರುತ್ತೆ.

ನುಡಿ ಬಗ್ಗೆ ಚಿಂತೆ ಬೇಡ. ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಇಂಥ ಜಾಗದ ಗುಂಡಿ ಒತ್ತಿದರು ಅಂತ ಒಂದು ನಂಬರ್ ಕಳಿಸುತ್ತದೆ, ಅಷ್ಟೇ. ಅದನ್ನು "ಕ" ಮಾಡೋದು ಆ ಕಂಪ್ಯೂಟರ್ ಒಳಗಿರೋ ನುಡಿ. ಎರಡರಲ್ಲೂ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವೇ ಇದ್ದರೆ ಬೆರಳು ಬದಲಾಯಿಸಬೇಕಿಲ್ಲ. ಹಳೇದರಲ್ಲಿ ಹಳೇ ಫಾಂಟಿನ ಅಕ್ಷರ, ಹೊಸದರಲ್ಲಿ ಯೂನಿಕೋಡ್ ತಾನಾಗಿ ಬೀಳುತ್ತದೆ. ಆದರೆ ಎರಡು ನುಡಿಗೂ ಒಂದರ ಸ್ಥಿತಿ ಇನ್ನೊಂದಕ್ಕೆ ಗೊತ್ತಿರಲ್ಲ. ಅಲ್ಲಿ ಕನ್ನಡದಲ್ಲಿ ನಿಂತಿರುತ್ತೆ, ಇಲ್ಲಿ ಇಂಗ್ಲಿಷ್‌ನಲ್ಲಿ. ದಾಟಿದ ಮೇಲೆ ಮೊದಲ ಅಕ್ಷರ ನೋಡಿಕೊಂಡು ಮುಂದೆ ಹೋಗಿ.

---

ಕಂಪ್ಯೂಟರ್ ಲ್ಯಾಬ್ ಮೇಷ್ಟ್ರು, ಬೇಲೂರು

ಚರ್ಚೆ ಚೆನ್ನಾಗಿದೆ. ನನ್ನದು ಸ್ವಲ್ಪ ಬೇರೆ ಕೇಸು. ಬದಲಾಯಿಸೋದಲ್ಲ, ನಾನು ಒಂದು ಸಲ ಒತ್ತಿದ್ದು ಎರಡು ಕಂಪ್ಯೂಟರಿನಲ್ಲೂ ಒಟ್ಟಿಗೇ ಆಗಬೇಕು. ಲ್ಯಾಬಿನಲ್ಲಿ ಒಂದೇ ಥರದ ಮಷಿನ್‌ಗಳಿಗೆ ಒಂದೇ ಸಾಫ್ಟ್‌ವೇರ್ ಹಾಕುವಾಗ ಬೇಕಾಗುತ್ತೆ. ಅಂಥದ್ದು ಇದೆಯಾ?

---

ರಿಪೇರಿ ಅಂಗಡಿ, ಅರಸೀಕೆರೆ

ಇದೆ ಸರ್. ಸಿಂಕ್ರನೈಸರ್ ಅಂತಾರೆ. ವೈ ಕೇಬಲ್ ಥರ ಅಲ್ಲ, ಒಳಗೆ ಚಿಪ್ ಇರುತ್ತೆ. ಕೀಬೋರ್ಡ್ ಹೇಳಿದ್ದನ್ನು ತಾನು ಕೇಳಿಸಿಕೊಂಡು, ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ ಕೀಬೋರ್ಡ್ ಆಗಿ ಕಾಣಿಸಿಕೊಂಡು ಎಲ್ಲಕ್ಕೂ ಹೇಳುತ್ತದೆ.

ಕೀಬೋರ್ಡಿಗೆ ಇದು ಚೆನ್ನಾಗಿ ನಡೆಯುತ್ತೆ. ಮೌಸ್ ನಂಬಬೇಡಿ. ಮೌಸ್ ತಾನು ಪರದೆಯಲ್ಲಿ ಎಲ್ಲಿದ್ದೇನೆ ಅಂತ ಹೇಳಲ್ಲ, ಇಷ್ಟು ಬಲಕ್ಕೆ ಸರಿದೆ, ಇಷ್ಟು ಕೆಳಕ್ಕೆ ಸರಿದೆ ಅಂತ ಮಾತ್ರ ಹೇಳುತ್ತೆ. ಅದಕ್ಕೆ ಬಾಣ ಎಷ್ಟು ಓಡಬೇಕು ಅಂತ ತೀರ್ಮಾನ ಮಾಡೋದು ಕಂಪ್ಯೂಟರ್. ಸ್ಪೀಡ್ ಸೆಟ್ಟಿಂಗ್ ಬೇರೆ ಇದ್ದರೆ ಸ್ವಲ್ಪ ಹೊತ್ತಿಗೇ ಎರಡು ಬಾಣ ಎರಡು ಕಡೆ. ಅಲ್ಲಿ ಓಕೆ ಮೇಲೆ ಕ್ಲಿಕ್ ಆದರೆ ಇಲ್ಲಿ ಕ್ಯಾನ್ಸಲ್ ಮೇಲೆ! ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಟಿಕ್ ತೆಗೆದು, ಸ್ಪೀಡ್ ಒಂದೇ ಇಟ್ಟು, ಪರದೆಯ ರೆಸಲ್ಯೂಶನ್ ಒಂದೇ ಇಡಿ. ಆಗಾಗ ಬಾಣವನ್ನು ಎಡ ಮೇಲಿನ ಮೂಲೆಗೆ ತಳ್ಳಿದರೆ ಎರಡೂ ಮತ್ತೆ ಒಂದೇ ಜಾಗಕ್ಕೆ ಬರುತ್ತವೆ. ಅದಕ್ಕಿಂತ ಟ್ಯಾಬ್, ಎಂಟರ್‌ನಲ್ಲೇ ಕೆಲಸ ಮುಗಿಸೋದು ಲೇಸು. ನನ್ನನ್ನು ಕೇಳಿದರೆ, ಒಂದು ಮಷಿನ್ ಪೂರ್ತಿ ಸಿದ್ಧ ಮಾಡಿ ಅದರ ಡಿಸ್ಕನ್ನೇ ಕ್ಲೋನ್ ಮಾಡೋದು ಇನ್ನೂ ಸುಲಭ.

---

ಲಗ್ನಪತ್ರಿಕೆ ಅಕ್ಕ, ಹಾಸನ

ಪೆಟ್ಟಿಗೆ ಬಂತು. ಹಾಸನದಲ್ಲಿ ಕೇಳಿದ ಕಡೆ ಅಗ್ಗದ್ದೇ ಇತ್ತು. ನಮ್ಮವರು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಹುಡುಕಿ ಎಮ್ಯುಲೇಶನ್ ಇರೋದು, ವೈರ್ ಗುಂಡಿ ಇರೋದು ತಂದರು. ಗುಂಡಿಯನ್ನು ಎರಡೂ ಬದಿ ಅಂಟಿರೋ ಟೇಪ್ ಹಾಕಿ ಟೇಬಲ್ ಅಂಚಿಗೆ ಅಂಟಿಸಿದ್ದೇನೆ. ಎಡಗೈ ಹೆಬ್ಬೆರಳಿಗೆ ಸಿಗುತ್ತೆ. ಸ್ಕ್ರಾಲ್ ಲಾಕ್ ಸಹವಾಸ ಬೇಡ ಅಂತ ಕೀಲಿಯಿಂದ ಬದಲಾಯಿಸೋದನ್ನು ಪೂರ್ತಿ ಬಂದ್ ಮಾಡಿಸಿದೆ. ಬಯೋಸ್ ಕೆಲಸ ಹುಡುಗನೇ ಮಾಡಿದ. ವೈ ಕೇಬಲ್ ಮಾತು ಈಗ ಎತ್ತಲ್ಲ.

ಮೌಸ್ ತಾನೇ ದಾಟಲ್ಲ ಅನ್ನೋದೊಂದು ಕೊರತೆ. ಅಭ್ಯಾಸ ಬಲಕ್ಕೆ ಬಾಣ ಅಂಚಿಗೆ ತಳ್ಳಿ ಕಾಯುತ್ತಾ ಕೂರುತ್ತೇನೆ. ಮನೆ ಲ್ಯಾಪ್‌ಟಾಪಿನಲ್ಲಿ ಆ ಬಾರ್ಡರ್ಸ್ ಹಾಕಿಕೊಂಡು ಕೈ ಕೆಟ್ಟಿದೆ.

ಫೈಲು ಸಾಗಿಸೋದು ಪೆನ್‌ಡ್ರೈವ್‌ನಲ್ಲೇ. ಪ್ರೂಫಿಗೆ ಪೇಜ್‌ಮೇಕರ್‌ನಿಂದ ಪಿಡಿಎಫ್ ಮಾಡಿ ಈ ಕಡೆ ತಂದು ವಾಟ್ಸಾಪ್ ಮಾಡುತ್ತೇನೆ. ಅದಕ್ಕೇನಾದರೂ ಎಚ್ಚರಿಕೆ ಬೇಕಾ?

---

ರಿಪೇರಿ ಅಂಗಡಿ, ಅರಸೀಕೆರೆ

ಎಕ್ಸ್‌ಪಿಯಲ್ಲಿ ಆಟೋರನ್, ಅಂದರೆ ಪೆನ್‌ಡ್ರೈವ್ ಹಾಕಿದ ಕೂಡಲೇ ಅದರಲ್ಲಿರೋ ಪ್ರೋಗ್ರಾಂ ತಾನಾಗಿ ಓಡೋದನ್ನು ಆಫ್ ಮಾಡಿ. ಆ ಪೆನ್‌ಡ್ರೈವ್ ನಿಮ್ಮ ಅಂಗಡಿಯದ್ದೇ ಆಗಿರಲಿ. ಗಿರಾಕಿ ತಂದದ್ದು ಏನಿದ್ದರೂ ಮೊದಲು ವಿಂಡೋಸ್ 11ಕ್ಕೆ ಹಾಕಿ, ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಮಾತ್ರ ನಿಮ್ಮದಕ್ಕೆ ಹಾಕಿಕೊಳ್ಳಿ. ಪೆನ್‌ಡ್ರೈವನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿದರೆ ಎರಡೂ ಕಡೆ ತೆರೆಯುತ್ತೆ.

ಪೇಜ್‌ಮೇಕರ್ ಫೈಲುಗಳ ಇನ್ನೊಂದು ಕಾಪಿ ಹೊರಗಿನ ಡಿಸ್ಕಿನಲ್ಲಿ ಇದೆ ತಾನೇ?

---

ಲಗ್ನಪತ್ರಿಕೆ ಅಕ್ಕ, ಹಾಸನ

ಇದೆ ಸರ್, ಮನೆ ಬೀರುವಿನಲ್ಲಿ. ವರ್ಷದ ಪ್ರಕಾರ ಫೋಲ್ಡರ್ ಮಾಡಿ ಇಟ್ಟಿದ್ದೇನೆ.

---

ಎಂಜಿನಿಯರಿಂಗ್ ಹುಡುಗ, ಹಾಸನ

ಅಕ್ಕ, ಒಂದು ಪೇಜ್‌ಮೇಕರ್ ಫೈಲು ಕಳಿಸಿ, ಲಿನಕ್ಸ್‌ನಲ್ಲಿ ಒಂದು ಕೈ ನೋಡ್ತೀನಿ. ಪುಕ್ಕಟೆ ಪತ್ರಿಕೆ ಅಂದಿದ್ದೀರಲ್ಲ.